ಎರಡನೆಯ ‘ಆಯ್ತು’

ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಭಾವ. ತರಕಾರಿ ಮಾರುವವಳಿಗೂ ಭಾವ, ನಿವೃತ್ತ ಮೇಷ್ಟ್ರಿಗೂ ಭಾವ, ವಯಸ್ಸಿನಲ್ಲಿ ಅವರ ತಾಯಿಯಂತಿರುವ ನನ್ನ ಅತ್ತೆಗೂ ಭಾವ. ಈ ಹೆಸರು ಅಂಟಿದ್ದು ಅವರ ಹೆಂಡತಿಯ ತಮ್ಮನಿಂದ. ಗ್ಯಾರೇಜಿನ ಒಳಗಿಂದ ದಿನವಿಡೀ “ಭಾವ, ಹನ್ನೆರಡರ ಪಾನಾ ಎಲ್ಲಿ?”, “ಭಾವ, ಜಾಕ್ ಇಳಿಸ್ಲಾ?” ಎಂಬ ಕೂಗು ಕೇಳಿ ಕೇಳಿ, ಬೀದಿಗೆ ಬೀದಿಯೇ ಅವರನ್ನು ಹಾಗೆ ಕರೆಯತೊಡಗಿತು. ಆಮೇಲೆ ಕೂಗುವವನು ಹೊರಟುಹೋದ. ಹೆಸರು ಮಾತ್ರ ಉಳಿಯಿತು.

ಬ್ರೇಕಿನ ಕೆಲಸದಲ್ಲಿ ಅವರಿಬ್ಬರದೂ ಒಂದು ರೀತಿಯಿತ್ತು. ಭಾವ ಚಕ್ರ ಬಿಚ್ಚಿ, ಸವೆದ ಪ್ಯಾಡು ತೆಗೆದು, ಹೊಸದು ಕೂರಿಸಿ “ಆಯ್ತು” ಎಂದು ಏಳುತ್ತಿದ್ದರು. ಆಗ ಬಾಮೈದ ತನ್ನ ಗಿಡ್ಡ ಸ್ಟೂಲನ್ನು ಎಳೆದುಕೊಂಡು ಅದೇ ಚಕ್ರದ ಮುಂದೆ ಕೂರುತ್ತಿದ್ದ. ಪ್ಯಾಡುಗಳನ್ನು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಒತ್ತುವ ಕಬ್ಬಿಣದ ಹಿಡಿಗೆ ಕ್ಯಾಲಿಪರ್ ಎನ್ನುತ್ತಾರೆ. ಅದು ಬೆರಳಿನ ಗಾತ್ರದ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಬಾಮೈದ ಆ ಪಿನ್ನುಗಳನ್ನು ಹೊರಗೆಳೆದು, ಹಳೆಯ ಜಿಡ್ಡು ಒರೆಸಿ, ಹೊಸ ಗ್ರೀಸು ಸವರಿ, ಜಾರಿಸಿ ನೋಡಿ, “ಆಯ್ತು ಭಾವ” ಎನ್ನುತ್ತಿದ್ದ. ಈ ಎರಡನೆಯ ‘ಆಯ್ತು’ ಬಂದಮೇಲೆಯೇ ಚಕ್ರ ಮೇಲೇರುತ್ತಿದ್ದದ್ದು. ನಮ್ಮ ಅಡುಗೆಮನೆಯ ಕಿಟಕಿಗೆ ಇವೆರಡೂ ಗಡಿಯಾರದ ಹಾಗೆ ಕೇಳುತ್ತಿದ್ದವು.

ಕೆಟ್ಟದ್ದು ಒಂದೇ ಮಾತಿನಿಂದ. ಯಾರೋ ಅವಸರದ ಗಿರಾಕಿ ಗೊಣಗಿದ್ದಕ್ಕೆ ಭಾವ, ಆ ಗಿರಾಕಿಯ ಎದುರಿಗೇ, “ಪಿನ್ನು ಒರೆಸೋಕೆ ಒಬ್ಬ ಮಹಾರಾಜ ಇದಾನೆ ನಮ್ಮಲ್ಲಿ. ಕೂಳಿಗೆ ದಂಡ, ಭೂಮಿಗೆ ಭಾರ” ಅಂದುಬಿಟ್ಟರು. ಬಾಮೈದ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಪಿನ್ನು ಮುಗಿಸಿದ, “ಆಯ್ತು ಭಾವ” ಅಂದ, ಕೈ ತೊಳೆದ, ಹೋದ. ಊರಿನ ಆ ಕೊನೆಯ ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದ.

ಭಾವನ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅವರು ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡರು. ತಮ್ಮ ಫೋನಿನಲ್ಲಿ, “ಭಾವ ಒಂದ್ಸಲ ಕರೀಲಿ, ಬರ್ತೀನಿ” ಅನ್ನುತ್ತಿದ್ದ. ಗಂಡ, “ಹೋದವನು ಅವನು. ದಾರಿ ಮರೆತ್ಹೋಗಿದ್ಯಾ?” ಅನ್ನುತ್ತಿದ್ದರು. ಅಕ್ಕ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದರು: “ಇವರ ಬಾಯಿಂದ ಒಂದು ಮಾತು ಬಂದ್ರೆ ನನ್ನ ತಮ್ಮ ನನಗೆ ಸಿಗ್ತಾನೆ ಕಣೆ. ಒಂದೇ ಮಾತು.” ನಾನು ಕೇಳಿಸಿಕೊಳ್ಳುತ್ತಿದ್ದೆ. ಪ್ರಾರ್ಥನೆಗೆ ಕೂತಾಗ ನನ್ನ ಮನೆಯವರ ಜೊತೆಗೆ ಭಾವ, ಬಾಮೈದ ಇಬ್ಬರನ್ನೂ ದೇವರ ಮುಂದೆ ಇಡುತ್ತಿದ್ದೆ.

ಅವನು ಹೋದಮೇಲೆ ಭಾವ ಬ್ರೇಕಿನ ಕೆಲಸ ಹಿಡಿಯುವುದನ್ನೇ ಬಿಟ್ಟರು. ಏನಾದರೊಂದು ನೆಪ ಹೇಳಿ ಗಾಡಿಗಳನ್ನು ವಾಪಸು ಕಳಿಸುತ್ತಿದ್ದರು. ನಮ್ಮ ಕಾರಿಗೆ ಮಾತ್ರ ಇಲ್ಲ ಎನ್ನಲಾಗಲಿಲ್ಲ. ಅತ್ತೆಯನ್ನು ವಾರವಾರವೂ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಒಂದು ಬೆಳಗ್ಗೆ ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡು ಹಾಕಿಕೊಟ್ಟರು. ಪ್ಯಾಡು ಕೂರಿಸಿ “ಆಯ್ತು” ಅಂದು ಎದ್ದವರು, ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಚಕ್ರ ಎತ್ತಿಕೊಂಡರು. ಆ ನಿಲುವು ನನ್ನ ಕಣ್ಣಿಗೆ ಬಿತ್ತು, ಅರ್ಥವಾಗಲಿಲ್ಲ.

ಎರಡೇ ದಿನ. ಆಸ್ಪತ್ರೆಯಿಂದ ಬರುವಾಗ ಕಾರು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಭಾರವಾಯಿತು. ಕರಕರ ಸದ್ದು, ಸುಟ್ಟ ವಾಸನೆ. “ಒಲೆ ಮೇಲೆ ಏನೋ ಬಿಟ್ಟು ಬಂದಿದೀಯಾ ನೋಡು,” ಅಂದರು ಅತ್ತೆ. ನಮ್ಮನೆಯವರು ನೇರ ಗ್ಯಾರೇಜಿಗೇ ತಂದು ನಿಲ್ಲಿಸಿದರು. ನಾನು ಅತ್ತೆಯನ್ನು ಮನೆಯಲ್ಲಿ ಕೂರಿಸಿ ಬಂದೆ.

ಭಾವ ಚಕ್ರಗಳ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿದರು. ಎಡಗಡೆಯದು ಬೆಚ್ಚಗಿತ್ತು. ಬಲಗಡೆಯದಕ್ಕೆ ಕೈ ಹಿಡಿದವರು ಸರಕ್ಕನೆ ಹಿಂದೆಳೆದುಕೊಂಡರು.

“ಪ್ಯಾಡು ಸರಿ ಇಲ್ವೇನೋ ಭಾವ?” ಅಂದರು ನಮ್ಮನೆಯವರು.

“ಪ್ಯಾಡು ಚೆನ್ನಾಗೇ ಇದೆ. ಬ್ರೇಕ್ ಎಣ್ಣೆ ಬರೋ ಪೈಪು ಒಳಗೆ ಊದಿಕೊಂಡಿರ್ಬೇಕು. ಹಾಗಾದ್ರೆ ಒತ್ತಿದ್ದು ವಾಪಸ್ ಬರಲ್ಲ.”

ಚಕ್ರ ಆರುವವರೆಗೆ ಕಾದು, ಜಾಕ್ ಕೊಟ್ಟು ಎತ್ತಿ, ಕೈಯಲ್ಲಿ ತಿರುಗಿಸಿದರು. ಅರ್ಧ ಸುತ್ತಿಗೇ ನಿಂತಿತು. ಕ್ಯಾಲಿಪರಿನ ಹಿಂದಿನ ಸಣ್ಣ ನಟ್ಟನ್ನು ಸಡಿಲಿಸಿದರು. ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡಿದ್ದರೆ ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಳ್ಳಬೇಕಿತ್ತು. ಎರಡು ತೊಟ್ಟು ಜಿನುಗಿತು, ಅಷ್ಟೆ. ಚಕ್ರ ಮಿಸುಕಲಿಲ್ಲ.

“ಪೈಪಲ್ಲ,” ಅಂದರು ಭಾವ. ದನಿ ಇಳಿದಿತ್ತು.

ಚಕ್ರ ಬಿಚ್ಚಿ ಕ್ಯಾಲಿಪರನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು. ಕಲ್ಲಿನ ಹಾಗೆ ಕೂತಿತ್ತು. ಮೇಲಿನ ಪಿನ್ನನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಹೊರಗೆ ತಂದರು. ಅದಕ್ಕೆ ಹಳೆಯ ಗ್ರೀಸು ಒಣಗಿ, ಕರಿಯ ಅಂಟಿನ ಹಾಗೆ ಮೆತ್ತಿಕೊಂಡಿತ್ತು, ತುದಿಯಲ್ಲಿ ತುಕ್ಕು. ಹಳೆಯ ತೆಳು ಪ್ಯಾಡಿದ್ದಾಗ ಸಂದು ಇತ್ತು, ನಡೆದುಹೋಗುತ್ತಿತ್ತು. ಹೊಸ ದಪ್ಪ ಪ್ಯಾಡಿಗೆ ಕ್ಯಾಲಿಪರ್ ಜರುಗಿ ಜಾಗ ಕೊಡಬೇಕಿತ್ತು, ಕೊಟ್ಟಿರಲಿಲ್ಲ. ಹಾಗಾಗಿ ಬ್ರೇಕ್ ಒತ್ತದಿದ್ದರೂ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇತ್ತು.

ಭಾವ ಪಿನ್ನನ್ನು ಹಿಡಿದುಕೊಂಡು ನೆಲದ ಮೇಲೇ ಕೂತರು.

“ಒರೆಸಿರಲಿಲ್ವಾ ಭಾವ?” ಅಂದರು ನಮ್ಮನೆಯವರು.

“ಇಲ್ಲ. ಮರೆತೆ ಅಂತಾನೂ ಹೇಳೋಕಾಗಲ್ಲ. ನನ್ನ ಕೆಲಸ ಮುಗೀತು ಅಂತ ಕೈ ತಾನೇ ಎದ್ದುಬಿಡ್ತು. ಮುಂದಿಂದು ಅವನು ನೋಡ್ಕೋತಾನೆ ಅಂತ.” ಗೋಡೆಯ ಪಕ್ಕದ ಗಿಡ್ಡ ಸ್ಟೂಲಿನ ಕಡೆ ನೋಡಿದರು. “ಅವನಿಲ್ಲ ಅನ್ನೋದು ತಲೆಗೆ ಗೊತ್ತು. ಈ ಕೈಗೆ ಯಾರು ಹೇಳೋರು?”

ಬಾಗಿಲಲ್ಲಿ ಅಕ್ಕ ನಿಂತಿದ್ದರು. “ಕೂಳಿಗೆ ದಂಡ ಅಂದಿದ್ರಲ್ಲ,” ಅಂದರು. “ಆ ಕೂಳು ಎಲ್ಲಿಗೆ ಹೋಗ್ತಿತ್ತು ಅಂತ ಈಗ ಗೊತ್ತಾಯ್ತಾ?”

ಭಾವ ಎರಡೂ ಕಡೆಯ ಪಿನ್ನುಗಳನ್ನು ಬಿಚ್ಚಿ, ಹೊಳೆಯುವ ಹಾಗೆ ಉಜ್ಜಿ, ಗ್ರೀಸು ಹಚ್ಚಿದರು. ಬೆಂದು ಗಾಜಿನಂತಾಗಿದ್ದ ಪ್ಯಾಡುಗಳನ್ನು ಎಸೆದು ಬೇರೆ ಹಾಕಿದರು. ಚಕ್ರ ಕೈಬೆರಳಿಗೇ ತಿರುಗಿತು. ಆದರೂ ಕೀಲಿ ಕೊಡಲಿಲ್ಲ.

“ಸ್ವಲ್ಪ ದೂರ ಓಡಿಸಿ ನೋಡ್ಬೇಕು,” ಅಂದರು. “ಇನ್ನೊಬ್ರು ನೋಡದೆ ಈ ಗಾಡಿ ಬಿಡಲ್ಲ.”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು, ಎಲ್ಲಿಗೆ ಎಂದು ಕೇಳಲಿಲ್ಲ. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

ಡಿಪೋ ಗೇಟಿನ ಹತ್ತಿರ ಕಾರು ನಿಂತಿತು. ಕಾವಲುಗಾರ ಹೇಳಿ ಕಳಿಸಿದ ಮೇಲೆ ಬಾಮೈದ ಬಂದ. ಅಕ್ಕನನ್ನು ನೋಡಿ ನಕ್ಕ, ಭಾವನ ಮುಖ ನೋಡಲಿಲ್ಲ. ಮೂಗು ಅರಳಿಸಿದ, ಬಲಗಡೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಅಂಗೈಯ ಹಿಂಬದಿ ಹಿಡಿದ. ಎದ್ದು ಹೋಗಿ ಎಡಗಡೆಯೂ ಹಾಗೇ ನೋಡಿದ.

“ಪಿನ್ನು ಕಚ್ಕೊಂಡಿತ್ತಾ?”

“ಹೂಂ.”

“ಎರಡೂ ಕಡೆ ಬಿಚ್ಚಿದ್ರಾ?”

“ಬಿಚ್ಚಿದೆ.”

“ಗ್ರೀಸು?”

“ನಿನ್ನ ಡಬ್ಬೀದೇ.”

“ಇಷ್ಟು ದಿನಕ್ಕೆ ಅದು ಒಣಗಿರಲಿಲ್ವಾ?”

“ಮುಚ್ಚಳ ಬಿಗಿ ಮಾಡಿಟ್ಟಿದ್ದೆ,” ಅಂದರು ಭಾವ. ಆಮೇಲೆ, ಕಾರಿನ ಬಾನೆಟ್ಟಿಗೆ ಹೇಳುವ ಹಾಗೆ, “ಅವತ್ತು ಅನ್ನಬಾರದ್ದು ಅಂದೆ ಕಣೋ. ಬಾ ಮನೆಗೆ.”

ಅಕ್ಕನ ಹಿಡಿತ ನನ್ನ ಕೈಮೇಲೆ ಬಿಗಿಯಾಯಿತು. ಬಾಮೈದ ಚಕ್ರವನ್ನು ಇನ್ನೊಮ್ಮೆ ತಡವಿ ನೋಡಿದ.

“ಆಯ್ತು ಭಾವ,” ಅಂದ. “ಆದ್ರೆ ಈ ಕೆಲಸ ಬಿಡೋಕಾಗಲ್ಲ. ರಜಾ ಸಿಕ್ಕಾಗ ಬರ್ತೀನಿ.”

ಒಳಗಿಂದ ಯಾರೋ ಕರೆದರು. ಅಕ್ಕ ಇಳಿಯುವಷ್ಟರಲ್ಲಿ ಅವನು ಅವರ ಹೆಗಲನ್ನೊಮ್ಮೆ ಒತ್ತಿ ಓಡಿದ. ವಾಪಸು ಬರುವಾಗ ಭಾವ ಬಹಳ ನಿಧಾನ ಓಡಿಸಿದರು, ಗೇಟು ಮರೆಯಾಗುವವರೆಗೂ ಕನ್ನಡಿ ನೋಡುತ್ತಾ.

ಈಗ ಬ್ರೇಕಿನ ಕೆಲಸಕ್ಕೆ ಬಂದವರಿಗೆ ಭಾವ, “ಅವನು ಬರೋ ದಿನ ಬನ್ನಿ” ಎನ್ನುತ್ತಾರೆ. ಬಾಮೈದ ಬರುತ್ತಾನೆ, ಅಕ್ಕನ ಕೈಯ ಊಟ ಉಣ್ಣುತ್ತಾನೆ, ಸ್ಟೂಲು ಎಳೆದುಕೊಳ್ಳುತ್ತಾನೆ. ಆದರೆ ಡಿಪೋದವರ ರಜೆಗೆ ನೆಚ್ಚಿಕೆಯಿಲ್ಲ. ಕೊಟ್ಟದ್ದನ್ನು ಬೆಳಗ್ಗೆಯೇ ಕಿತ್ತುಕೊಳ್ಳುವುದೂ ಉಂಟು. ನಿನ್ನೆ ಹಾಗೇ ಆಯಿತು. ಗಿರಾಕಿ ಗೊಣಗುತ್ತಿದ್ದ. ಕಾರು ಸ್ಟ್ಯಾಂಡಿನ ಮೇಲೆ, ಚಕ್ರ ಗೋಡೆಗೆ ಒರಗಿ. ಭಾವ ಪ್ಯಾಡು ಕೂರಿಸಿ “ಆಯ್ತು” ಅಂದರು, ಬೀದಿಯ ತುದಿಯ ಕಡೆ ನೋಡುತ್ತಾ ನಿಂತರು. ಚಕ್ರವನ್ನು ಮಾತ್ರ ಮುಟ್ಟಲಿಲ್ಲ.