ಕೂಡ್ಲಿಗಿಯ ಟೈಲರಿಗೆ ಹೊಸ ಅಳತೆ

ಹರಪನಹಳ್ಳಿಯಿಂದ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಹೊರಟೆ. ಐದಕ್ಕೇ ಎದ್ದು, ಚಹಾಕ್ಕೆ ಮುಂಚೆ, ಹೊಟ್ಟೆಯ ಮೇಲಿನ ಚೀಲ ಬದಲಿಸಿದ್ದೆ. ಕ್ಯಾನ್ಸರ್ ಆಗಿ ನನ್ನ ಮೂತ್ರಕೋಶ ತೆಗೆದು ಎರಡು ವರ್ಷವಾಯಿತು. ಹೊಕ್ಕುಳದ ಬಲಕ್ಕೆ ಒಂದು ಬಾಯಿ ಮಾಡಿದ್ದಾರೆ; ಅದರಿಂದ ಮೂತ್ರ ಹಗಲೂ ರಾತ್ರಿ ಅಂಟುಚೀಲಕ್ಕೆ ಇಳಿಯುತ್ತದೆ. ಬರಿಹೊಟ್ಟೆಯಲ್ಲಿ ಹನಿ ಕಡಿಮೆ, ಆದ್ದರಿಂದ ಆ ಕೆಲಸ ಐದು ಗಂಟೆಗೆ. ಡ್ರಿಲ್ ಮಾಸ್ತರನಾಗಿ ಇದ್ದಾಗಲೂ ನಾನು ಏಳುತ್ತಿದ್ದುದು ಐದಕ್ಕೇ.

ಕೂಡ್ಲಿಗಿಯ ಟೈಲರ್ ಕೊಟ್ರಪ್ಪನವರಿಗೆ ಐದು ತಿಂಗಳ ಹಿಂದೆ ಇದೇ ಆಪರೇಷನ್ ಆಗಿತ್ತು. ಚೀಲ ಸೋರುತ್ತದೆ, ಅವರು ಹೊರಗೆ ಬರುವುದಿಲ್ಲ, ಹೊಲಿಗೆ ಯಂತ್ರ ಕೊಳ್ಳಲು ಮಂಗಳವಾರ ಮಧ್ಯಾಹ್ನ ಗುಡೇಕೋಟೆಯಿಂದ ಒಬ್ಬ ಬರುತ್ತಾನೆ ಎಂದು ನಮ್ಮಿಬ್ಬರಿಗೂ ಪರಿಚಯದ ನರ್ಸಮ್ಮ ಕಾರ್ಡು ಬರೆದಿದ್ದರು. ನಾನು ಹೊರಟದ್ದು ಆ ಮಂಗಳವಾರವೇ.

ಕೊಟ್ಟೂರಿಗೆ ಟಿಕೆಟ್ ಹತ್ತು ರೂಪಾಯಿ. ಕಂಡಕ್ಟರ್ ನನ್ನ ನರೆಗೂದಲು ನೋಡಿ, ಮಧ್ಯೆ ಗಾಡಿ ನಿಲ್ಲುವುದಿಲ್ಲ, ಈಗಲೇ ಹೋಗಿ ಬನ್ನಿ ಎಂದ.

"ನಿಮ್ಮ ಡ್ರೈವರಿಗೆ ಬೇಕಾದ್ರ ನಿಲ್ಸಪ್ಪ. ನಾನು ಬಳ್ಳಾರಿತನಕ ಹಿಂಗೇ ಕುಂದ್ರತೀನಿ," ಎಂದೆ.

ಎರಡೂ ಬದಿ ಜೋಳದ ಕೂಳೆ, ಒಳಗೆಲ್ಲ ಧೂಳು. ಅರ್ಧ ಬಾಟಲಿ ನೀರು ಕುಡಿದೆ. ಕೊಟ್ಟೂರಿನಲ್ಲಿ ಚೀಲ ಬರಿದು ಮಾಡಿ, ಮಂಡಕ್ಕಿ ಮಿರ್ಚಿ ತಿಂದು ಕೂಡ್ಲಿಗಿ ಬಸ್ಸು ಹಿಡಿದೆ. ಹತ್ತೂವರೆಗೆ ಇಳಿದಾಗ ಬಿಸಿಲು ಸುಡುತ್ತಿತ್ತು.

ಬಸ್‌ಸ್ಟ್ಯಾಂಡಿನ ಎದುರಿಗೇ ಅಂಗಡಿ, ಅದರ ಹಿಂದೆ ಮನೆ. ಷಟರ್ ಇಳಿದಿತ್ತು. ಹೆಂಡತಿ ರತ್ನಮ್ಮ ಒಳಗೆ ಕರೆದೊಯ್ದರು. ಕೊಟ್ರಪ್ಪನವರು ಗೋಣಿಚೀಲದ ಮೇಲೆ ಕೂತಿದ್ದರು, ತುಟಿ ಒಣಗಿ ಬಿರಿದಿತ್ತು.

"ದೂರ ಕುಂದರ್ರಿ ಮಾಸ್ತರ್ರ, ನಾತ ಬರ್ತೈತಿ."

ಪಕ್ಕದಲ್ಲೇ ಕೂತೆ. ಚೀಲ ತುಂಬಬಾರದೆಂದು ಅವರು ಹಿಂದಿನ ಮಧ್ಯಾಹ್ನದಿಂದ ನೀರೇ ಮುಟ್ಟಿರಲಿಲ್ಲ. ನೀರು ಕುಡಿಯದಿದ್ದರೆ ಮೂತ್ರ ಮಂದವಾಗಿ ನಾತ ಹೆಚ್ಚುತ್ತದೆ, ಚರ್ಮವೂ ಸುಡುತ್ತದೆ ಎಂದು ಗದರಿದೆ. ಅಂಗಿ ಎತ್ತಿಸಿ ನೋಡಿದರೆ ಹೊಟ್ಟೆಯ ಬಾಯಿಯ ಸುತ್ತ ಚರ್ಮ ಕೆಂಪಗೆ ಸುಲಿದಿತ್ತು. ಚೀಲವನ್ನು ಚರ್ಮಕ್ಕೆ ಹಿಡಿಸುವ ಅಂಟುಬಿಲ್ಲೆಯ ತೂತು ಹೇಗೆ ಕತ್ತರಿಸುತ್ತೀರಿ ಎಂದು ಕೇಳಿದೆ. ಅವರು ಗೋಡೆಯ ಮೊಳೆ ತೋರಿಸಿದರು. ಅಂಗಿ, ಜುಬ್ಬಗಳ ಮಾದರಿ ಕಾಗದಗಳ ಜೊತೆ ಒಂದು ದುಂಡು ತೂತಿನ ರಟ್ಟು ತೂಗುತ್ತಿತ್ತು. ಆಪರೇಷನ್ ಆದ ಮೊದಲ ವಾರದ ಅಳತೆ. ಐದು ತಿಂಗಳೂ ಅದನ್ನೇ ಇಟ್ಟು, ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿದ್ದರು. ಅಷ್ಟರಲ್ಲಿ ಬಾವು ಇಳಿದು ಬಾಯಿ ಚಿಕ್ಕದಾಗಿತ್ತು. ಉಳಿದ ಸಂದಿಯಲ್ಲಿ ಮೂತ್ರ ನಿಂತು ಅಂಟು ಬಿಡಿಸುತ್ತಿತ್ತು. ಆರು ವಾರದ ಮೇಲೆ ಮತ್ತೆ ಅಳೆಯಿರಿ ಎಂದು ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಬರೆದಿತ್ತು. ಯಾರೂ ತಿರುವಿ ನೋಡಿರಲಿಲ್ಲ.

ಚೀಟಿ ತೋರಿಸಿದೆ. ಕೊಟ್ರಪ್ಪನವರು ಓದಿ, ಮೊಳೆಯಿಂದ ಆ ರಟ್ಟು ಕಿತ್ತರು.

"ನಲವತ್ತು ವರ್ಷ ಮಂದಿ ಅಳತಿ ತಗೊಂಡೀನ್ರಿ. ಹಳೇ ಅಳತಿಗೆ ಹೊಲಿ ಅಂದೋರಿಗೆ ಬೈದು ಕಳಿಸ್ತಿದ್ದೆ."

"ಮಂದಿಗೆ ನೀವು ಬೈದ್ರಿ. ನಿಮಗ ಬೈಯೋರು ಹರಪನಹಳ್ಳಿಯಿಂದ ಬರಬೇಕಾತು," ಎಂದರು ರತ್ನಮ್ಮ.

ಕೊಟ್ರಪ್ಪನವರು ಟೇಪು ತೆಗೆದು ತಾವೇ ಅಳೆದರು. ಬಾಯಿಗಿಂತ ಒಂದು ನೂಲು, ಎಂದರೆ ಕಾಲಿಂಚಿನ ಅರ್ಧ, ಹೆಚ್ಚು ಬಿಡಿ ಎಂದೆ. ಸೋಪಿಲ್ಲದೆ ಬರೀ ನೀರಿನಲ್ಲಿ ತೊಳೆದು, ಒರೆಸಿ, ಸುಲಿದ ಚರ್ಮಕ್ಕೆಂದು ನಾನು ಒಯ್ದಿದ್ದ ಪುಡಿ ತೆಳ್ಳಗೆ ಉದುರಿಸಿ ಬಿಲ್ಲೆ ಅಂಟಿಸಿದರು. ನಾನು ಕೈ ಹಚ್ಚಲಿಲ್ಲ. ನಾಳೆ ನಾನು ಇರುವುದಿಲ್ಲವಲ್ಲ. ಆಮೇಲೆ ಎರಡು ತಂಬಿಗೆ ನೀರು ಕುಡಿಸಿ ಅಂಗಳದಲ್ಲಿ ನಡೆಸಿದೆ, ಬಗ್ಗಿಸಿದೆ, ಕೂರಿಸಿ ಏಳಿಸಿದೆ. ರೊಟ್ಟಿ, ಪುಂಡಿಪಲ್ಯದ ಊಟವಾದ ಮೇಲೂ ಬಿಲ್ಲೆಯ ಸುತ್ತ ಒಣಗಿಯೇ ಇತ್ತು.

ಎರಡೂವರೆಗೆ ಗುಡೇಕೋಟೆಯವನು ಬಂದ. ಕೊಟ್ರಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡು ತಾವೇ ಬಾಗಿಲಿಗೆ ಹೋಗಿ, ಯಂತ್ರ ಕೊಡುವುದಿಲ್ಲ ಎಂದರು. ಅವನಿಗೆ ಸಿಟ್ಟು ಬಂತು.

"ಆ ಚೀಲ ಕಟ್ಕೊಂಡು ಮಷಿನ್ ಹೆಂಗ್ ತುಳಿತೀಯೋ ಮಾರಾಯ?"

"ಕಾಲಿಲೆ ತುಳಿತೀನಿ. ಚೀಲ ಹೊಟ್ಟಿಮ್ಯಾಲ ಐತಿ," ಎಂದರು ಕೊಟ್ರಪ್ಪನವರು. "ಹೊಲಿಸೋದಿದ್ರ ಅರಿವಿ ತಗೊಂಬಾ."

ನಾಲ್ಕರ ಬಸ್ಸು ಹತ್ತಿ ಕಿಟಕಿಯಿಂದ ನೋಡಿದೆ. ಷಟರ್ ಮೇಲೇರಿತ್ತು. ಯಂತ್ರವನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ರಸ್ತೆಗೆ ಮುಖ ಮಾಡಿ ಅವರು ತುಳಿಯುತ್ತಿದ್ದರು. ಹೋಗುವ ಬರುವ ಮಂದಿ ನಿಂತು ನೋಡಿದರು. ಕೊಟ್ರಪ್ಪನವರು ತಲೆ ಎತ್ತಲಿಲ್ಲ.