ಬದುವಿನ ಆಚೀಚೆ ಎರಡು ಕ್ಯಾಮೆರಾ

ದೋಸ್ತ್ರಾ, ಇವತ್ತ ಎರಡು ಕ್ಯಾಮೆರಾದ ಜಗಳ ಬಿಡಸಾಕ ಹೋಗಿ ಸುಸ್ತಾಗೇನಿ.

ಇಂಡಿ ಹತ್ರ ನಮ್ಮ ಇಬ್ಬರು ಕಾಕಾಗೋಳ ನಿಂಬಿ ತ್ವಾಟ ಅದಾವ, ನಡುವ ಒಂದು ಬದು. ಆ ಬದುವಿನ ಸಲುವಾಗಿ ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕಾಯಿ ಕಳವಾಗ್ತಾವಂತ ಇಬ್ಬರೂ ಸಿಮ್ ಹಾಕಿದ ಕ್ಯಾಮೆರಾ ಕೂಡಿಸ್ಯಾರ. ಎಲ್ಲೇ ಇರ್ಲಿ, ಮೊಬೈಲ್‌ನ್ಯಾಗ ನೋಡಿ ಅಲ್ಲಿಂದನ ಕ್ಯಾಮೆರಾದ ಸ್ಪೀಕರಿನ್ಯಾಗ ಒದರಬಹುದು.

ಮಧ್ಯಾಹ್ನ ನಾ ದೊಡ್ಡ ಕಾಕಾನ ತ್ವಾಟದಾಗ ನಿಂಬಿಕಾಯಿ ಹರಿಯಾಕ ಹೋಗಿದ್ದೆ. ಅವನ ಆಡು ಬದು ದಾಟ್ತು. ಸಣ್ಣ ಕಾಕಾನ ಕ್ಯಾಮೆರಾ ಒದರ್ತು, "ಆಡಿಗೂ ಬುದ್ಧಿಯಿಲ್ಲ, ಅದರ ಮಾಲಕಗೂ ಇಲ್ಲ!"

ದೊಡ್ಡ ಕಾಕಾನ ಕ್ಯಾಮೆರಾ ಸುಮ್ನಿದ್ದೀತ? "ಬದು ಒತ್ತಿದಾಂವ ನೀ, ಆಡಿಗೇನ ಅಂತೀ!"

ಮೊದಲ ನೆಟ್‌ವರ್ಕ್ ನಿಧಾನ ಇದ್ದಾಗ ಬೈಗುಳ ಅರ್ಧಕ್ಕ ನಿಲ್ತಿತ್ತು, ಪೂರಾ ಬರೂದ್ರಾಗ ಸಿಟ್ಟ ಇಳೀತಿತ್ತು. ಈಗ ಫೈವ್ ಜಿ. ಒಂದಕ್ಷರ ತುಂಡಾಗಂಗಿಲ್ಲ.

ಅಷ್ಟ್ರಾಗ ಎರಡೂ ಕ್ಯಾಮೆರಾದಾಗ ಒಂದೇ ಬ್ಯಾಂಡ್ ಕೇಳ್ತು. ಮೈಕಿನ್ಯಾಗ ಯಾರೋ ಕರಿಯಾಕತ್ತಿದ್ರು, "ಬೀಗರು ಊಟಕ್ಕ ಏಳಬೇಕ್ರಿ!" ಇಬ್ಬರೂ ಸಿಂದಗಿಯೊಳಗ ಒಂದೇ ಮದವಿಗೆ ಹೋಗ್ಯಾರ!

"ಕಾಕಾ, ಇಬ್ಬರೂ ಒಂದೇ ಮಂಟಪದಾಗ ಅದೀರಿ. ಅಲ್ಲೇ ಕುಂತು ಬಗಿಹರಿಸ್ಕೋರಿ," ಅಂದೆ.

ದೊಡ್ಡ ಕಾಕಾ ತನ್ನ ಕ್ಯಾಮೆರಾದಾಗ ಸಾವಕಾಶ ಅಂದ, "ತಮ್ಮಾ, ಅವಂಗ ಹೇಳು, ನಾ ಅವನ ಜೋಡಿ ಮಾತಾಡಂಗಿಲ್ಲ."

ನಾ ಬದು ದಾಟಿ, ಮೇಯಾಕತ್ತಿದ್ದ ಆಡಿನ ಬಾಜೂಕ ನಿಂತು, ಸಣ್ಣ ಕಾಕಾನ ಕ್ಯಾಮೆರಾಕ್ಕ ಹಂಗ ಹೇಳಿದೆ.

"ಅವಂಗೂ ಹೇಳು, ನಾನೂ ಮಾತಾಡಂಗಿಲ್ಲ," ಅಂತು ಅದು.

ಮತ್ತ ಬದು ದಾಟಿದೆ. ಫೈವ್ ಜಿ ಬಂದ್ರೂ ಕಡೀ ಸುದ್ದಿ ಮುಟ್ಟಿಸಾಕ ನಾನ ನಡಕೊಂಡ ಹೋಗಬೇಕಾತು.