ಪೇಟೆಯ ದಿನದ ಅರ್ಧ ಲೋಟ ಕಾಫಿ

ಪೇಟೆಗೆ ಹೋಗುವ ದಿನ ನಾನು ಕಾಫಿಯನ್ನು ಅರ್ಧ ಲೋಟಕ್ಕೇ ನಿಲ್ಲಿಸುತ್ತೇನೆ. ಡಾಕ್ಟರು ಹೇಳಿದ್ದಲ್ಲ, ವ್ರತವೂ ಅಲ್ಲ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ತುಳಸಿಗೆ ಎರೆದೆ, ಹಾಲು ಉಕ್ಕುವ ಮೊದಲೇ ಒಲೆ ಆರಿಸಿದ ಹೆಮ್ಮೆಯಲ್ಲಿ ನಮ್ಮವರಿಗೆ ಲೋಟದ ತುಂಬ ಕಾಫಿ ಕೊಟ್ಟು, ನನಗೆ ಅರ್ಧ ಬಗ್ಗಿಸಿಕೊಂಡೆ. ಕನ್ನಡಕದ ಕಾಲು ಮುರಿದಿತ್ತು, ಪೇಟೆಗೆ ಹೋಗದೆ ಗತ್ಯಂತರವಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಮ್ಮವರು ಒಮ್ಮೆಯೂ ನನ್ನ ಲೋಟದೊಳಗೆ ಇಣುಕಿ ನೋಡಿದವರಲ್ಲ. ಅದನ್ನು ತಪ್ಪೆನ್ನಲಾರೆ. ಹೊರಗಿನಿಂದ ನೋಡಿದರೆ ಅರ್ಧವೋ ಪೂರ್ತಿಯೋ ತಿಳಿಯದಂತೆ ಇರುವುದು ಸ್ಟೀಲ್ ಲೋಟದ ಗುಣ. ಅನೇಕ ಸಂಸಾರಗಳು ಚೆನ್ನಾಗಿ ನಡೆಯುತ್ತಿರುವುದು ಲೋಟಗಳು ಗಾಜಿನವಲ್ಲ ಎಂಬ ಕಾರಣಕ್ಕೇ ಇರಬೇಕು.

ಅಷ್ಟರಲ್ಲಿ ಅವರ ಫೋನು ಟಿಣ್ ಟಿಣ್ ಎನ್ನತೊಡಗಿತು. ಸಾಗರದ ಪೇಟೆಬೀದಿಗೂ ಬಸ್ಸಿನ ದೂರದಲ್ಲಿರುವ ಊರಂಚಿನ ನಮ್ಮ ಓಣಿಗಳಿಗೂ ಸೇರಿ ಒಂದು ವಾಟ್ಸಾಪ್ ಗುಂಪಿದೆ. ನೀರು ಬರುವ ಹೊತ್ತು, ಕರೆಂಟು ಹೋಗುವ ಹೊತ್ತು, ಕಳೆದುಹೋದ ಬೆಕ್ಕು, ಎಲ್ಲ ಅದರಲ್ಲೇ. ಬೀದಿಯ ನಡುಮಧ್ಯದ ವಿಠಲರಾಯರ ಜವಳಿ ಅಂಗಡಿ ಅವರು ತೀರಿಹೋದ ಮೇಲೆ ಮುಚ್ಚಿ, ಷಟರಿನ ಮೇಲೆ ಧೂಳು ಕೂತಿದೆ. ಮಗ ಪ್ರಶಾಂತನಿಗೆ ಹೊಸನಗರದಲ್ಲಿ ಮೋಟಾರು ಪಂಪಿನ ವ್ಯಾಪಾರ. ಸೀರೆಯ ಗಂಟು ಬಿಚ್ಚಿ ಕಟ್ಟುವ ತಾಳ್ಮೆ ತನಗಿಲ್ಲವೆಂದು ಜಾಗವನ್ನು ಬಾಡಿಗೆಗೆ ಕೊಡುವವನಿದ್ದಾನೆ. ಒಳ್ಳೆಯ ಹುಡುಗ. "ನಮ್ಮ ಬೀದಿಗೆ ಯಾವ ಅಂಗಡಿ ಬಂದರೆ ಅನುಕೂಲ, ಎಲ್ಲರೂ ತಿಳಿಸಿ" ಎಂದು ಗುಂಪಿನಲ್ಲಿ ಕೇಳಿದ್ದ.

ಜನ ತಿಳಿಸಿದರು. ಪಿಜ್ಜಾ ಅಂಗಡಿ ಬೇಕು ಎಂದರು ಒಬ್ಬರು. ಜಿಮ್ ಬೇಕು ಎಂದವರು, ಪಕ್ಕದ ರಸ್ತೆಯ ಹಾಲಿನ ಬೂತಿಗೂ ಬೈಕಿನಲ್ಲೇ ಹೋಗುವವರು. ಸಿಗಂದೂರಿಗೆ ಸೇತುವೆ ಆದಮೇಲೆ ಕಾರುಗಳು ಹೆಚ್ಚಾಗಿವೆ, ಯಾತ್ರಿಕರಿಗೆ ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಅಂಗಡಿಯಾಗಲಿ ಎಂದರು ಮತ್ತೊಬ್ಬರು. ಇವೆಲ್ಲದರ ನಡುವೆ ಬೇಕರಿ ಎಂಬ ಮಾತು ಮತ್ತೆ ಮತ್ತೆ ಬಂತು. ನಮ್ಮವರೂ ಬೆಣ್ಣೆ ಬಿಸ್ಕತ್ತಿನ ಆಸೆಯಿಂದ ಬೇಕರಿಗೇ ಸೇರಿಕೊಂಡರು. ಗುಂಪಿನಲ್ಲಿ ಹೆಂಗಸರೂ ಬೇಕಾದಷ್ಟಿದ್ದೇವೆ. ನಾವು ಕೈಮುಗಿದ ಚಿತ್ರ, ಹೆಬ್ಬೆರಳಿನ ಚಿತ್ರ ಹಾಕಿದೆವು.

"ನಿಂಗೆ ಎಂತ ಅಂಗಡಿ ಬೇಕೇ?" ಎಂದು ನಮ್ಮವರು ಕೇಳಿದರು. ನನ್ನ ಅರ್ಧ ಲೋಟ ಕೈಯಲ್ಲೇ ಇತ್ತು. "ಯಾವುದಾದ್ರೂ ಆಗ್ಲಿ" ಎಂದೆ.

ಆ ಅರ್ಧ ಲೋಟದ ವಿಷಯ ಈಗ ಹೇಳಿಯೇಬಿಡಬೇಕು. ಪೇಟೆಯಲ್ಲಿ ಹೆಂಗಸರು ಮೂತ್ರಕ್ಕೆ ಹೋಗಲು ಈಗ ಹತ್ತಿರದಲ್ಲಿ ಒಂದು ಜಾಗವಿಲ್ಲ. ಬಸ್ ಸ್ಟ್ಯಾಂಡಿನಲ್ಲಿದೆ, ನಿಜ. ಆದರೆ ಅದು ಬೀದಿಯ ಆ ತುದಿಗೆ. ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಸಂತೆಯ ಜನರನ್ನು ದಾಟಿ ಅಲ್ಲಿಗೆ ಹೋಗಿಬರುವಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತದೆ. ಆದ್ದರಿಂದ ಪೇಟೆಗೆ ಹೊರಟ ಹೆಂಗಸು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ಇದನ್ನು ನಮಗೆ ಯಾರೂ ಕಲಿಸಿಕೊಟ್ಟಿಲ್ಲ.

ನೋಡಿ, ಇಷ್ಟನ್ನು ಬರೆಯುವುದಕ್ಕೂ ನನಗೆ ಎಷ್ಟು ಸುತ್ತು ಬೇಕಾಯಿತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕಿರುಬೆರಳು ಎತ್ತಿ "ಮೇ ಐ ಗೋ ಔಟ್, ಸಿಸ್ಟರ್" ಎನ್ನಬೇಕಿತ್ತು. ಹೊರಗೆ ಹೋಗಿ ಏನು ಮಾಡುತ್ತೇವೆ ಎಂಬುದು ದೇವರಿಗೂ ಸಿಸ್ಟರಿಗೂ ಬಿಟ್ಟ ವಿಷಯ. ಮನೆಯಲ್ಲಿ ಅದಕ್ಕೆ ಒಂದು, ಎರಡು ಎಂಬ ಅಂಕಿಗಳಿದ್ದವು. ಅಜ್ಜಿ "ಹಿತ್ಲಿಗೆ ಹೋಗ್ಬರ್ತೀನಿ" ಎನ್ನುತ್ತಿದ್ದರು. ಹಳೆಯ ಕಥೆಗಳಲ್ಲಿ ರಾಣಿಯರು ವರ್ಷಗಟ್ಟಲೆ ಕಾಡಿನಲ್ಲಿ ನಡೆಯುತ್ತಾರೆ. ಅವರ ಕಾಲಿಗೆ ಮುಳ್ಳು ಚುಚ್ಚಿದ್ದು, ತುಟಿ ಒಣಗಿದ್ದು, ಮುಖ ಬಾಡಿದ್ದು ಎಲ್ಲ ವರ್ಣನೆಯಾಗಿದೆ. ಮುಂದಿನದಕ್ಕೆ ಕವಿಗಳೂ ಕಣ್ಣು ಮುಚ್ಚಿಕೊಂಡಿದ್ದಾರೆ. ಸಭ್ಯತೆ ಒಳ್ಳೆಯದೇ. ಆದರೆ ಹೆಸರಿಲ್ಲದ ಕಷ್ಟವನ್ನು ಯಾರ ಬಳಿ ಹೇಳಿಕೊಳ್ಳುವುದು?

ಹೇಳಿಕೊಳ್ಳದೆಯೇ ತಿಳಿದುಕೊಂಡಿದ್ದವರು ವಿಠಲರಾಯರು.

ಅವರ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಹೆಂಗಸು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತು "ಒಂದು ರವಿಕೆ ಕಣ ತೋರ್ಸಿ" ಎನ್ನುವಳು. ರಾಯರು ಕಣಗಳ ಕಟ್ಟನ್ನು ಇಳಿಸಿ, ಮೇಲಿನದೊಂದನ್ನು ಕೈಗೆ ಕೊಟ್ಟು, "ಟ್ಯೂಬ್‌ಲೈಟಲ್ಲಿ ಬಣ್ಣ ತಿಳಿಯೂದಿಲ್ಲಮ್ಮ. ಹಿಂದೆ ಕಿಟಕಿ ಹತ್ರ ಹಗಲು ಬೆಳಕಿದೆ, ಅಲ್ಲಿ ನೋಡ್ಕಂಡ್ ಬನ್ನಿ" ಎನ್ನುವರು. ಹಿಂದಿನ ಕೋಣೆಗೆ ಹೋಗುವ ದಾರಿಯಲ್ಲಿ ಕ್ಯಾಲೆಂಡರು, ಅದರ ಹಿಂದೆ ಮೊಳೆ, ಮೊಳೆಯಲ್ಲಿ ಬೀಗದ ಕೈ. ಕೋಣೆಯಾಚೆ ಹಂಚು ಹಾಕಿದ ಪುಟ್ಟ ಪಾಯಿಖಾನೆ, ತುಂಬಿದ ಬಕೆಟು, ಒಂದು ತುಂಡು ಸೋಪು. ಅವಳು ಹಿಂದಿರುಗುವವರೆಗೂ ರಾಯರು ಬೀದಿಯನ್ನೇ ನೋಡುತ್ತ ಕೂತಿರುವರು. ಬಂದಮೇಲೆ "ಬಣ್ಣ ಹಿಡಿಸ್ತಾ?" ಎನ್ನುವರು. ಹಿಡಿಸಿತು ಎಂದರೆ ಸುತ್ತಿಕೊಡುವರು. ಇಲ್ಲವೆಂದರೆ ಮಡಿಸಿಡುವರು. ಎರಡಕ್ಕೂ ಮುಖ ಒಂದೇ ಥರ ಇರುತ್ತಿತ್ತು. ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಹಿನ್ನೀರು ದಾಟಿ, ಬಸ್ಸು ಹಿಡಿದು, ಬೆಳಗಾಗುವ ಮೊದಲೇ ಮನೆ ಬಿಟ್ಟು ಬಂದ ಹೆಂಗಸರಿಗೆಲ್ಲ ಆ ಕಿಟಕಿಯ ಬೆಳಕು ಗೊತ್ತಿತ್ತು.

ಬರಿಗೈಯಲ್ಲಿ ಹೊರಗೆ ಬರಲು ನನಗೆ ಸಂಕೋಚ. ಹಾಗಾಗಿ ನಮ್ಮ ಮನೆಯ ಟ್ರಂಕಿನಲ್ಲಿ ರವಿಕೆ ಕಣಗಳ ಗುಡ್ಡವೇ ಇದೆ. ಒಂದಾದರೂ ನಾನಾಗಿ ಆರಿಸುತ್ತಿದ್ದ ಬಣ್ಣವಲ್ಲ. ಅವಸರದಲ್ಲಿ ಕೈಗೆ ಸಿಕ್ಕಿದವು. ಅರಿಶಿನ ಕುಂಕುಮಕ್ಕೆ ಬಂದವರ ಮಡಿಲಿಗೆ ಅವನ್ನು ದಾಟಿಸುತ್ತೇನೆ, ಅವರು ಇನ್ನೊಬ್ಬರಿಗೆ ದಾಟಿಸುತ್ತಾರೆ. ಒಮ್ಮೆ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ನನ್ನ ಮಡಿಲಿಗೆ ಬಿದ್ದ ಗಿಳಿಹಸಿರು ಕಣದ ಮೂಲೆಯಲ್ಲಿ ನಮ್ಮ ಮನೆಯ ಅಡಿಕೆ ಬೇಯಿಸಿದ ಚೊಗರಿನ ಕಲೆಯಿತ್ತು. ಮಗಳನ್ನು ತವರಿಗೆ ಕರೆತಂದಂತೆ ಕರೆದುಕೊಂಡು ಬಂದೆ.

ಇದರಲ್ಲಿ ನಗು ಇರುವುದು ಇಷ್ಟೇ. ಉಳಿದದ್ದು ಪಕ್ಕದ ಮನೆಯ ಗಿರಿಜಕ್ಕನ ವಿಷಯ.

ಗಿರಿಜಕ್ಕನ ತಂಗಿ ಸರೋಜ ಹಿನ್ನೀರಿನ ಆಚೆ ಕೊಟ್ಟ ಹೆಣ್ಣು. ಅಕ್ಕತಂಗಿ ಪ್ರತಿ ಸಂತೆಯ ದಿನ ರಾಯರ ಅಂಗಡಿಯ ಬೆಂಚಿನಲ್ಲಿ ಸೇರುತ್ತಿದ್ದರು. ಒಬ್ಬಳು ಹಲಸಿನ ಹಪ್ಪಳ ತಂದರೆ ಇನ್ನೊಬ್ಬಳು ಮುರುಗಲು ಹುಳಿ. ಕೊಡುವುದು ತೆಗೆದುಕೊಳ್ಳುವುದು ಮುಗಿದ ಮೇಲೆ ಇಬ್ಬರೂ ಸುಮ್ಮನೆ ಪಕ್ಕಪಕ್ಕದಲ್ಲಿ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಗಡಿ ಮುಚ್ಚಿದ ಮೇಲೂ ಕೆಲವು ವಾರ ಮುಚ್ಚಿದ ಷಟರಿನ ಮೆಟ್ಟಿಲಲ್ಲಿ ಸೇರಿದರು, ಇಬ್ಬರೂ ಬೆಳಗಿನಿಂದ ಹನಿ ನೀರು ಕುಡಿಯದೆ. ಈ ಮಳೆಗಾಲದ ಕೊನೆಗೆ ಗಿರಿಜಕ್ಕನಿಗೆ ಚಳಿಜ್ವರ ಹಿಡಿಯಿತು. ನಾವು ಮಳೆಯ ಜ್ವರ ಎಂದುಕೊಂಡೆವು. ಆಸ್ಪತ್ರೆಯಲ್ಲಿ ಡಾಕ್ಟರು ಮೂತ್ರದ ಸೋಂಕು ಎಂದರು, ಕಿಡ್ನಿಗೂ ಏರಿದೆ ಎಂದರು. ಇನ್ನು ನೀರು ಕುಡಿಯದೆ ಇರುವಂತಿಲ್ಲ, ಮೂತ್ರ ತಡೆಹಿಡಿಯುವಂತೆಯೂ ಇಲ್ಲ ಎಂದು ಕಟ್ಟುನಿಟ್ಟು ಮಾಡಿ ಕಳಿಸಿದರು. ಅಂದಿನಿಂದ ಗಿರಿಜಕ್ಕ ಸಂತೆಗೆ ಹೋಗಿಲ್ಲ. ಸರೋಜಳಿಗೂ ಬರುವುದು ಬೇಡ ಎಂದುಬಿಟ್ಟಳು. ಈಗ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಹಿನ್ನೀರಿನ ಕಡೆ ಸಿಗ್ನಲ್ಲು ಬಂದು ಹೋಗುವುದರಿಂದ ಕೂಗಿ ಕೂಗಿ ಆಡುವ ಗಿರಿಜಕ್ಕನ ಮಾತು ನಮ್ಮ ಅಡಿಗೆಮನೆಗೂ ಕೇಳುತ್ತದೆ. "ಹಲೋ, ಕೇಳ್ತಿದೆಯನೇ" ಎಂಬುದೇ ಅದರಲ್ಲಿ ಮುಕ್ಕಾಲು.

ಕನ್ನಡಕ ಸರಿಮಾಡಿಸಿಕೊಂಡು ಬರುವಾಗ ರಾಯರ ಅಂಗಡಿಯ ಷಟರು ಅರ್ಧ ಎತ್ತಿತ್ತು. ಒಳಗೆ ಪ್ರಶಾಂತ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಕಪಾಟುಗಳು ಖಾಲಿ. ಕ್ಯಾಲೆಂಡರು ಮಾತ್ರ ಇನ್ನೂ ಇತ್ತು, ರಾಯರು ಹೋದ ತಿಂಗಳನ್ನೇ ತೋರಿಸುತ್ತ.

"ಬನ್ನಿ ಆಂಟಿ. ಬೇಕರಿಯವರು ಒಪ್ಪಿದ್ದಾರೆ. ಹಿಂದಿನ ಕೋಣೆ, ಬಾತ್‌ರೂಮು ಒಡೆದು ಒಂದೇ ಸ್ಟೋರ್ ಮಾಡ್ಕೊಡಿ ಅಂತಾರೆ. ನಾಳೆನೇ ಕೆಲಸದವರು ಬರ್ತಾರೆ" ಎಂದ.

ಹೇಳಬೇಕಾದ ಮಾತು ಗಂಟಲವರೆಗೆ ಬಂತು. ಅಲ್ಲಿ ಕಾನ್ವೆಂಟಿನ ಸಿಸ್ಟರ್ ನಿಂತಿದ್ದರು. "ಹಿಂದೆ ಕಿಟಕಿ ಹತ್ರ ಹಗಲು ಬೆಳಕು ಚೆನ್ನಾಗಿತ್ತಲ್ವಾ ಪ್ರಶಾಂತ?" ಎಂದೆ.

"ಅಯ್ಯೋ, ಕಿಟಕಿನೂ ಮುಚ್ಬೇಕಂತೆ ಆಂಟಿ. ಬಿಡಿ, ಬೆಳಕಿಗೇನು, ಎಲ್‌ಇಡಿ ಹಾಕಿದ್ರೆ ಇನ್ನೂ ಜೋರಾಗಿರುತ್ತೆ" ಎಂದು ಅವನು ನಕ್ಕ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಅವನಪ್ಪ ಆ ಉಪಕಾರವನ್ನು ಎಷ್ಟು ನಾಜೂಕಾಗಿ ಮಾಡಿದ್ದರೆಂದರೆ, ಹೆತ್ತ ಮಗನಿಗೂ ಅದರ ಸುಳಿವು ಸಿಕ್ಕಿರಲಿಲ್ಲ. ಪಡೆದ ನಾವೂ ಅಷ್ಟೇ ನಾಜೂಕಾಗಿ ಪಡೆದೆವು. ಅವರು ಬೀದಿ ನೋಡುತ್ತ ಕೂತರು, ನಾವು ಬಣ್ಣ ನೋಡಿದೆವು. ಹೀಗೆ ಯಾರೂ ಹೆಸರಿಡದ ಒಳ್ಳೆಯತನ ಮಾಡಿದವರ ಜೊತೆಗೇ ಹೊರಟುಹೋಗುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ನಾಜೂಕು ಬಿಟ್ಟು ಯಾರಾದರೊಬ್ಬರು ಒಂದು ಸಲ ಒರಟಾಗಿ ಬಾಯಿಬಿಡಬೇಕು. ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಆ ಯಾರಾದರೊಬ್ಬರು ಬೇರೆ ಯಾರಾದರೂ ಆಗಲಿ ಎಂದೂ ಯೋಚಿಸಿದೆ.

ಮನೆಗೆ ಬಂದು, ಎಲ್ಲ ಹೆಂಗಸರಂತೆ ಮೊದಲು ಬಚ್ಚಲಿಗೆ ಹೋಗಿ, ಆಮೇಲೆ ಒಂದು ಚೊಂಬು ನೀರು ಕುಡಿದು, ಫೋನು ಹಿಡಿದು ಕೂತೆ. ಬರೆದೆ, ಅಳಿಸಿದೆ. "ಮಹಿಳೆಯರ ಅನುಕೂಲಕ್ಕಾಗಿ" ಎಂದು ಬರೆದೆ. ಅದು ಸರ್ಕಾರಿ ಬೋರ್ಡಿನ ಹಾಗೆ ಕಂಡಿತು. ಕೊನೆಗೆ ಬರೆದದ್ದು ಹೀಗೆ: "ಯಾವ ಅಂಗಡಿ ಬಂದರೂ ಸರಿ. ರಾಯರ ಅಂಗಡಿಯ ಹಿಂದಿನ ಪಾಯಿಖಾನೆಯನ್ನು ದಯವಿಟ್ಟು ಒಡೆಯಬೇಡಿ. ಪೇಟೆಗೆ ಬಂದ ಹೆಂಗಸರು ಇಷ್ಟು ವರ್ಷ ಮೂತ್ರಕ್ಕೆ ಹೋಗುತ್ತಿದ್ದದ್ದು ಅಲ್ಲಿಗೆ. ರಾಯರು ಬಿಡುತ್ತಿದ್ದರು. ಅದಿಲ್ಲವೆಂದು ನಾವು ನೀರು ಕುಡಿಯದೆ ಪೇಟೆಗೆ ಬರುತ್ತಿದ್ದೇವೆ. ಕಾಯಿಲೆ ಬಿದ್ದವರೂ ಇದ್ದಾರೆ."

ಕಳಿಸಿದ ಮೇಲೆ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟು ಸೌತೆಕಾಯಿ ಹೆಚ್ಚಲು ಕೂತೆ. ಗುಂಪಿನ ಟಿಣ್ ಟಿಣ್ ನಿಂತಿತು. ಜಿಮ್ಮಿನವರೂ ಇಲ್ಲ, ಪಿಜ್ಜಾದವರೂ ಇಲ್ಲ. ಹೊರಗಿನ ಕೋಣೆಯಲ್ಲಿ ನಮ್ಮವರ ಪೇಪರಿನ ಸದ್ದೂ ನಿಂತಿತು. ಸ್ವಲ್ಪ ಹೊತ್ತಿಗೆ ಅವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ. "ಬೆಳಿಗ್ಗೆ ಕಾಫಿ ಕುಡಿದ್ಯಾ?" ಎಂದರು. "ಅರ್ಧ" ಎಂದೆ. ಅವರು ಹಾಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

ಆಮೇಲೆ ಮೂಲೆಮನೆಯ ಟೀಚರು ಬರೆದರು: "ನಾನೂ ಇವತ್ತು ನೀರು ಕುಡಿಯದೆ ಪೇಟೆಗೆ ಹೋಗಿ ಬಂದೆ." ಮೆಡಿಕಲ್ ಅಂಗಡಿಯವರ ಸೊಸೆ ಬರೆದಳು: "ನನ್ನ ಹತ್ತಿರ ರಾಯರ ಅಂಗಡಿಯ ರವಿಕೆ ಕಣ ರಾಶಿಯಿದೆ. ಯಾರಿಗಾದರೂ ಬೇಕಾ?" ಕೈಮುಗಿದ ಚಿತ್ರವನ್ನಲ್ಲದೆ ಬೇರೇನನ್ನೂ ಹಾಕದಿದ್ದವರೆಲ್ಲ ಒಂದೊಂದು ಸಾಲು ಬರೆದರು. ಎಲ್ಲರ ಟ್ರಂಕಿನಲ್ಲೂ ಅದೇ ಗುಡ್ಡ.

ಮಧ್ಯಾಹ್ನ ಕಳೆದ ಮೇಲೆ ಪ್ರಶಾಂತನ ಉತ್ತರ ಬಂತು. "ನನಗೆ ಗೊತ್ತೇ ಇರಲಿಲ್ಲ ಆಂಟಿ. ಅಮ್ಮನ್ನ ಕೇಳಿದೆ. 'ಇಷ್ಟು ದಿನ ಮೋಟಾರು ಮಾರಿದ್ಯಲ್ಲ, ನೀರು ಒಳಗೆ ಹೋದ್ಮೇಲೆ ಹೊರಗೂ ಬರ್ಬೇಕು ಅಂತ ಗೊತ್ತಾಗ್ಲಿಲ್ವಾ' ಅಂತ ಬೈದರು. ಗೋಡೆ ಒಡೆಸೋದಿಲ್ಲ. ಬೇಕರಿಯವರು ಅದಕ್ಕೆ ಒಪ್ಪಿದರೆ ಬರಲಿ, ಇಲ್ಲದಿದ್ದರೆ ಬೇರೆಯವರನ್ನ ನೋಡ್ತೀನಿ. ಅಂಗಡಿ ಶುರುವಾಗೋವರೆಗೂ ಸಂತೆ ದಿನ ಅಮ್ಮನೇ ಬಂದು ಬಾಗಿಲು ತೆಗೆದು ಕೂರ್ತಾರಂತೆ." ಅದರ ಕೆಳಗೇ ಯಾರೋ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕಡ್ಡಾಯವಾಗಿ ಇರಲಿ ಎಂದು ಬರೆದಿದ್ದರು. ನಂಬರು ನೋಡಿದರೆ ನಮ್ಮವರೇ.

ಗಿರಿಜಕ್ಕನ ಫೋನಿನಲ್ಲಿ ಗುಂಪು ಗಿಂಪು ಇಲ್ಲ. ಸಂಜೆ ಬೇಲಿಯ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಮಲ್ಲಿಗೆ ಕಟ್ಟುತ್ತಲೇ ಕೇಳಿಸಿಕೊಂಡಳು. "ನಿಮ್ ಕರಿಬೇವಿನ ಗಿಡಕ್ಕೆ ಹುಳ ಬಿದ್ದಿದೆ, ಮಜ್ಜಿಗೆ ನೀರು ಹಾಕು ಮಾರಾಯ್ತಿ" ಎಂದು ಮಾಲೆಯ ಒಂದು ತುಂಡು ಹರಿದು ನನಗೆ ಕೊಟ್ಟು ಒಳಗೆ ಹೋದಳು. ಹೇಳಿದ್ದು ಅವಳಿಗೆ ತಲುಪಿತೋ ಇಲ್ಲವೋ ಎಂದುಕೊಳ್ಳುತ್ತ ನಾನೂ ಬಂದು ದೇವರಿಗೆ ದೀಪ ಹಚ್ಚಿದೆ.

ಹೂವು ಮುಡಿಸಿ ಇನ್ನೂ ಕೈ ತೆಗೆದಿರಲಿಲ್ಲ, ಗೋಡೆಯಾಚೆಯಿಂದ ಅವಳ ಫೋನಿನ ದನಿ ಕೇಳಿತು.

"ಹಲೋ, ಸರೋಜ, ಕೇಳ್ತಿದೆಯನೇ? ಸಂತೆ ದಿನ ಬಾ. ಹಪ್ಪಳ ಮರೀಬೇಡ. ಮತ್ತೆ, ಮನೆಯಿಂದ ಹೊರಡ್ವಾಗ ಕಾಫಿ ಕುಡ್ಕಂಡೇ ಹೊರಡು, ಲೋಟದ ತುಂಬ."